ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ನಿಂತಿದ್ದವಳನ್ನು ಒಂದೇ ನೋಟಕ್ಕೆ ಗುರುತಿಸಿದೆ. ಮುಖ ಮರೆಯುವವರಿಗೆ ಹೇಳಿಮಾಡಿಸಿದ ಕಸುಬಲ್ಲ ನನ್ನದು. ಹನ್ನೆರಡು ದಿನಗಳ ಹಿಂದೆ, ಪೊಲೀಸರ ಗುಂಡಿಗೆ ಸತ್ತ ಪೆಟವೇ ಮನೆತನದ ಹುಡುಗನಿಗಾಗಿ ಊರಿನ ಕಪ್ಪು ಜನರೆಲ್ಲ ಕ್ಯಾಲ್ಡರ್ ಬೀದಿಯಲ್ಲಿ ಹೊರಟಿದ್ದ ಮೆರವಣಿಗೆಯಲ್ಲಿ ನಾನು ಅವಳ ಚಿತ್ರ ತೆಗೆದಿದ್ದೆ. ನಮ್ಮ ವಾರಪತ್ರಿಕೆಯ ಮೊದಲ ಪುಟದಲ್ಲಿ ಅದು ಅಚ್ಚಾಗಿತ್ತು. ಆ ಪುಟವನ್ನೇ ನಾಲ್ಕಾಗಿ ಮಡಿಚಿ ಅವಳು ಕೈಯಲ್ಲಿ ಹಿಡಿದಿದ್ದಳು.

"ಮಿಸ್ ಒಡೆಸ್ಸಾ ಮಿಲೆಂಡರ್ ಅಂದ್ರೆ ನೀವೇ ತಾನೆ?"

"ನಾನೇ. ನೀನು ಲಕೀತಾ ಬ್ರಾಡ್‌ನ್ಯಾಕ್ಸ್. ಒಳಗೆ ಬಾ ಮಗಳೇ, ಕಾಫಿ ಬಿಸಿಯಾಗಿದೆ."

"ಹೆಸರು ಚೆನ್ನಾಗಿ ನೆನಪಿಟ್ಕೊಂಡಿದೀರಿ," ಎಂದಳು. ಹೊಸ್ತಿಲು ದಾಟಲಿಲ್ಲ. "ಪೊಲೀಸರೂ ಅಷ್ಟೇ, ಒಂದಕ್ಷರ ತಪ್ಪದ ಹಾಗೆ ಓದಿದ್ರು. ನಾನು ಕೆಲಸ ಮಾಡೋ ವೃದ್ಧಾಶ್ರಮಕ್ಕೇ ಬಂದಿದ್ರು. ಕುರ್ಚಿ ಬಿಟ್ಟೇಳಲಾರದ ಮುದುಕರೊಬ್ಬರಿಗೆ ಓಟ್ಸ್ ತಿನ್ನಿಸ್ತಿದ್ದೆ. ಚಮಚ ಕೆಳಗಿಡೋಕೂ ಬಿಡಲಿಲ್ಲ."

ಅವಳು ಪುಟವನ್ನು ಬಿಚ್ಚಿ ನನ್ನ ಮುಖದೆದುರು ಹಿಡಿದಳು. ನಾನು ಹೆಮ್ಮೆಪಟ್ಟಿದ್ದ ಚಿತ್ರ. ಬಲಗೈ ಕಿವಿಯ ಹಿಂದಕ್ಕೆ ಹೋಗಿದೆ, ಕೈಯಲ್ಲಿ ಬಾಟಲಿ, ಬಲ ಅಂಚಿನಲ್ಲಿ, ಅಶ್ರುವಾಯುವಿನ ಹೊಗೆಯೊಳಗೆ ಮಸುಕಾಗಿ, ಪೊಲೀಸರ ಗುರಾಣಿಗಳ ಸಾಲು. ಕೆಳಗೆ ಅಡಿಬರಹ: ಲಕೀತಾ ಬ್ರಾಡ್‌ನ್ಯಾಕ್ಸ್, ಮೂವತ್ತನಾಲ್ಕು, ಶುಶ್ರೂಷಕಿ, ಕ್ಯಾಲ್ಡರ್ ಬೀದಿ. ಅದೇ ಸಂಜೆ ಒಬ್ಬ ಪೊಲೀಸನ ಭುಜಕ್ಕೆ ಯಾರೋ ಎಸೆದ ಬಾಟಲಿ ಬಡಿದಿತ್ತು. ಯಾರೋ ಎಂಬ ಜಾಗದಲ್ಲಿ ತುಂಬಲು ಅವರಿಗೆ ಒಂದು ಹೆಸರು ಬೇಕಾಗಿತ್ತು. ನಾನು ಅದನ್ನು ಅಚ್ಚುಮಾಡಿಸಿ ಕೊಟ್ಟಿದ್ದೆ.

"ಸೋಮವಾರ ವಿಚಾರಣೆ. ತಪ್ಪು ಅಂತಾದ್ರೆ ಜೈಲು. ಜೈಲಿಂದ ಬಂದ್ಮೇಲೆ ಶುಶ್ರೂಷೆಯ ಲೈಸೆನ್ಸೂ ಇರಲ್ಲ. ಹನ್ನೊಂದು ವರ್ಷದ ಕೆಲಸ, ಮಿಸ್ ಒಡೆಸ್ಸಾ. ನಾನು ನೀರು ಎಸೆದಿದ್ದು ಆ ಮನುಷ್ಯನಿಗೆ, ಕಣ್ಣು ಉರಿ ಅಂತ ಪಾದಚಾರಿ ಕಟ್ಟೆ ಹತ್ರ ಮಂಡಿಯೂರಿ ಕೂತಿದ್ನಲ್ಲ, ಅವನಿಗೆ. ನೀವು ಪಕ್ಕದಲ್ಲೇ ಇದ್ರಿ. ಅವನು ಬಾಟಲಿ ಹಿಡ್ದಿದ್ದೂ ನೋಡಿದ್ರಿ. ಇದರ ಮುಂದಿನ ಫೋಟೋ ಕೊಡಿ ಸಾಕು. ಅದಕ್ಕೇ ಬಂದೆ."

ನಾನು ಒಳಗಿನ ಕೋಣೆಗೆ ನಡೆದೆ. ಅವಳು ಹಿಂದೆಯೇ ಬಂದಳು. ಆ ದಿನದ ರೀಲಿನ ಚಿತ್ರಗಳನ್ನೆಲ್ಲ ಅಂಚೆಚೀಟಿಯಷ್ಟು ಗಾತ್ರದಲ್ಲಿ ಸಾಲಾಗಿ ಅಚ್ಚುಹಾಕಿದ್ದ ಹಾಳೆ ಮೇಜಿನ ಮೇಲಿತ್ತು. ಭೂತಗನ್ನಡಿಯನ್ನು ಅದರ ಮೇಲೆ ಸರಿಸುತ್ತ ಹೋದೆ. ಹದಿನೇಳನೆಯ ಫ್ರೇಮಿನಲ್ಲಿ ಲಕೀತಾ. ಹದಿನೆಂಟರಲ್ಲಿ ಬೇರೆ ಮೂಲೆ, ಬೇರೆ ಜನ, ಮುರಿದ ಬಸ್ ನಿಲ್ದಾಣದ ಗಾಜು. ಎರಡರ ನಡುವೆ ಮೂರೋ ನಾಲ್ಕೋ ನಿಮಿಷ. ಆ ನಿಮಿಷಗಳಲ್ಲಿ ನನ್ನ ಕಣ್ಣು ಕ್ಯಾಮೆರಾದಲ್ಲಿ ಇರಲಿಲ್ಲ.

"ಮುಂದಿನದು ಇಲ್ಲ," ಎಂದೆ.

"ಇಲ್ಲ ಅಂದ್ರೆ?"

"ನಿನ್ನ ಹೆಸರು ಬರ್ಕೊಳ್ತಿದ್ದೆ."

ಅವಳು ನನ್ನನ್ನು ನೋಡಿದ ರೀತಿಯನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಹಿಡಿದರೆ ಗಾಜು ಒಡೆಯುತ್ತದೆ.

ಅದು ನನ್ನ ಐವತ್ತಮೂರು ವರ್ಷಗಳ ಪದ್ಧತಿ. ಒಂದು ಚಿತ್ರ ತೆಗೆಯುವುದು, ಕ್ಯಾಮೆರಾ ಇಳಿಸುವುದು, ಆ ಮನುಷ್ಯನ ಹೆಸರು ಕೇಳುವುದು, ಹೇಗೆ ಬರೆಯಬೇಕೆಂದು ಕೇಳುವುದು, ಫ್ರೇಮಿನ ಸಂಖ್ಯೆಯೊಡನೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಆಮೇಲೆಯೇ ಮುಂದಿನ ಚಿತ್ರ. ನನಗೆ ಇಪ್ಪತ್ತಮೂರು ವಯಸ್ಸಾಗಿದ್ದಾಗ, ಬಾಡಿಗೆ ಮನೆಗಳ ಹಕ್ಕಿಗಾಗಿ ನಮ್ಮವರು ನಡೆಸಿದ ಮೆರವಣಿಗೆಯ ಚಿತ್ರವೊಂದು ದೊಡ್ಡ ಪತ್ರಿಕೆಯಲ್ಲಿ ಬಂದಿತ್ತು. ನಡುವೆ ನನ್ನ ತಾಯಿ, ಭಾನುವಾರದ ಹ್ಯಾಟು ತೊಟ್ಟು, ಇಬ್ಬರು ಪೊಲೀಸರ ಕೈಗಳ ಮಧ್ಯೆ. ಅಡಿಬರಹ: ಗುರುತು ತಿಳಿಯದ ಒಬ್ಬ ನೀಗ್ರೋ ಹೆಂಗಸು. ತಾಯಿ ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ, ಸಾಯುವವರೆಗೂ ಅದರ ಕೆಳಗೆ ನಿಂತು ರೊಟ್ಟಿ ಬೇಯಿಸಿದಳು. "ಕೇಳಬಹುದಾಗಿತ್ತು," ಎನ್ನುತ್ತಿದ್ದಳು. "ಅವನಿಗೆ ಬಾಯಿ ಇತ್ತು, ನನಗೆ ಹೆಸರು ಇತ್ತು." ಆಕೆಯ ಹೆಸರು ಆರ್ಲೀತಾ ಮಿಲೆಂಡರ್. ಅಂದಿನಿಂದ ನನ್ನ ಯಾವ ಚಿತ್ರವೂ ಹೆಸರಿಲ್ಲದೆ ಅಚ್ಚಾಗಿಲ್ಲ. ಒಂದೊಂದು ಮೆರವಣಿಗೆಗೆ ಒಂದೊಂದು ಕಿರುಪುಸ್ತಕ. ಕಪಾಟಿನಲ್ಲಿ ಅಂಥವು ಅರುವತ್ತೆಂಟು ಇವೆ.

ಕ್ಯಾಲ್ಡರ್ ಬೀದಿಯಲ್ಲಿ ಆ ದಿನ ನನ್ನೊಡನೆ ಚಿತ್ರ ತೆಗೆಯುತ್ತಿದ್ದ ಎಳೆಯರು ಎಚ್ಚರಿಸಿದ್ದರು. "ಮುಖ ಬೇಡ ಅಜ್ಜಿ, ಬೆನ್ನು ತೆಗೀರಿ. ಈಗ ಮುಖ ಅಂದ್ರೆ ಬೆರಳಚ್ಚು ಇದ್ದ ಹಾಗೆ." ನಾನು ನಕ್ಕು, "ಬೆನ್ನು ತೋರಿಸೋಕೆ ನಮ್ಮೋರು ಬೀದಿಗೆ ಬಂದಿಲ್ಲ," ಎಂದಿದ್ದೆ. ಆ ಮಾತು ಹೇಳುವಾಗ ನನಗೆ ಬಹಳ ಚೆನ್ನಾಗಿ ಕೇಳಿಸಿತ್ತು.

ಲಕೀತಾ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ನಾನು ಆ ದಿನದ ಪುಸ್ತಕ ತೆರೆದೆ. ಹದಿನೇಳರ ಎದುರು ಅವಳ ಹೆಸರು. ಅದರ ಕೆಳಗೆ, ಸಂಖ್ಯೆಯಿಲ್ಲದೆ, ಇನ್ನೊಂದು: ಥರ್ಮನ್ ಗ್ಯಾಡ್ಸನ್, ನೀರು ಹಿಡಿದವನು. ಆಗ ನೆನಪಾಯಿತು. ಕಣ್ಣಿಗೆ ನೀರು ಸುರಿದುಕೊಳ್ಳುತ್ತಲೇ ಆ ಮನುಷ್ಯ, "ಮುಖಕ್ಕೆ ಹೊಗೆ ಹೊಡೀತಾ ಇದಾರೆ, ಈಯಮ್ಮ ಅಕ್ಷರ ಕೇಳ್ತಾ ಇದಾಳಲ್ಲಪ್ಪ. ಬರ್ಕೊ ತಾಯಿ, ಫೋಟೋ ಇಲ್ಲದಿದ್ರೂ ನಂದೂ ಬರ್ಕೊ," ಎಂದಿದ್ದ. ನಾನು ಬರೆದುಕೊಂಡಿದ್ದೆ.

"ಇವನೇ," ಎಂದಳು ಲಕೀತಾ, ಎದ್ದು ನಿಂತು. "ಈ ಪುಸ್ತಕ ಕೋರ್ಟಿಗೆ ಕೊಟ್ರೆ ಆಯ್ತು ಅಲ್ವಾ?"

ಮಧ್ಯಾಹ್ನ ಇಬ್ಬರೂ ಅವಳ ವಕೀಲೆಯ ಕಚೇರಿಗೆ ಹೋದೆವು. ಸರ್ಕಾರ ಗೊತ್ತುಮಾಡಿಕೊಟ್ಟ ವಕೀಲೆ. ಹಾಲಿಸ್ ಪ್ರೂಯಿಟ್ ಎಂಬ ಬಿಳಿಯ ಹುಡುಗಿ. ಮೇಜಿನ ಮೇಲೆ ಕಡತಗಳ ಎರಡು ಗೋಪುರ, ನಡುವೆ ಅರ್ಧ ತಿಂದ ಸ್ಯಾಂಡ್‌ವಿಚ್. ಅವಳು ಪುಸ್ತಕವನ್ನು ಮುಟ್ಟಲಿಲ್ಲ. ಬಿಸಿ ಪಾತ್ರೆಯೇನೋ ಎಂಬಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದರಲ್ಲಿ ಎಷ್ಟು ಹೆಸರಿದೆ, ಮಿಸ್ ಒಡೆಸ್ಸಾ?"

"ನಲವತ್ತೊಂದು."

"ಒಂದು ಹಾಳೆ ಕೊಟ್ರೆ ಪೂರ್ತಿ ಪುಸ್ತಕ ಕೊಡಿ ಅಂತಾರೆ. ಕೊಡ್ಲೇಬೇಕಾಗುತ್ತೆ. ಅವತ್ತು ಕರ್ಫ್ಯೂ ಹೊತ್ತಾದ್ಮೇಲೂ ಬೀದೀಲಿ ಇದ್ದೋರ ಪಟ್ಟಿ ಅವರಿಗೆ ಸಿಕ್ಕಿಲ್ಲ. ಇದು ಆ ಪಟ್ಟಿ."

"ಬರೀ ನನ್ನ ಮಾತು ಸಾಲದಾ?"

"ಎಪ್ಪತ್ತಾರು ವಯಸ್ಸು, ಕಣ್ತುಂಬ ಹೊಗೆ, ನಲವತ್ತು ಜನ. ಹೇಗೆ ನೆನಪಿದೆ ಅಂತ ಕೇಳ್ತಾರೆ. ಆಗ ಪುಸ್ತಕ ಹೊರಗೆ ಬರುತ್ತೆ." ಅವಳು ಹಣೆ ಉಜ್ಜಿಕೊಂಡಳು. "ಆ ಮನುಷ್ಯನೇ ಬಂದು ಹೇಳಿದ್ರೆ ಬೇರೆ ಮಾತು. ಇನ್ನು ಪುಸ್ತಕಾನ ಏನು ಮಾಡ್ಬೇಕು ಅಂತ ನಾನು ಹೇಳೋ ಹಾಗಿಲ್ಲ. ಕೇಳ್ಲೂ ಬೇಡಿ. ಅದನ್ನ ಕೊಡಿ ಅಂತ ಈವರೆಗೂ ಯಾರೂ ಆಜ್ಞೆ ಮಾಡಿಲ್ಲ ಅನ್ನೋದು ಮಾತ್ರ ನನಗೆ ಗೊತ್ತು." ಹಾಗೆ ಹೇಳಿ ಕಿಟಕಿಯ ಕಡೆ ತಿರುಗಿ, ಹೊರಗೆ ನೋಡಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ನೋಡಿದಳು.

ಅಂದು ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಅಡಿಗೆಮನೆಯಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಕಪಾಟಿಗೆ. ಪುಸ್ತಕವನ್ನು ಡ್ರಾಯರಿನಲ್ಲಿಟ್ಟೆ, ತೆಗೆದು ಅಕ್ಕಿಯ ಡಬ್ಬಿಯಲ್ಲಿಟ್ಟೆ, ನನ್ನ ಬುದ್ಧಿಗೆ ನಾನೇ ಬೈದುಕೊಂಡು ಮತ್ತೆ ಜೇಬಿಗೆ ಸೇರಿಸಿದೆ. ಪೊಲೀಸರ ಹೆಲಿಕಾಪ್ಟರಿನ ಸದ್ದು ಕೇಳಿದಾಗಲೆಲ್ಲ ಕೈ ಜೇಬಿನ ಮೇಲೆ ಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಲೂಷಿಯಸ್‌ನ ಕ್ಷೌರದಂಗಡಿಗೆ ಹೋದೆ. ಊರಿನಲ್ಲಿ ಯಾರು ಎಲ್ಲಿದ್ದಾರೆಂಬುದು ಅವನಿಗೆ ಗೊತ್ತಿಲ್ಲದಿದ್ದರೆ ಆ ಮನುಷ್ಯ ಬೋಳುತಲೆಯವನೇ ಇರಬೇಕು. ನಾನು ಒಳಗೆ ಕಾಲಿಟ್ಟೊಡನೆ ಸರದಿಗೆ ಕುಳಿತಿದ್ದ ಇಬ್ಬರು ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು.

"ನೋಡಿದ್ರಾ ಅಕ್ಕ, ನಿಮ್ಮನ್ನ ಕಂಡ್ರೆ ಜನ ಹೆಂಗೆ ಓದೋಕೆ ಶುರು ಮಾಡ್ತಾರೆ," ಎಂದ ಲೂಷಿಯಸ್, ಕತ್ತರಿ ನಿಲ್ಲಿಸದೆ. "ಆ ಬ್ರಾಡ್‌ನ್ಯಾಕ್ಸ್ ಹುಡುಗಿ ವಿಷಯ ಎಲ್ಲಾರಿಗೂ ಗೊತ್ತಾಗಿದೆ."

"ಕ್ಯಾಮೆರಾ ತಂದಿಲ್ಲ, ಲೂಷಿಯಸ್."

"ಕ್ಯಾಮೆರಾಗೆ ಯಾರು ಹೆದರ್ತಾರೆ? ಪೆನ್ಸಿಲ್ ತಂದಿದೀರಾ ಹೇಳಿ."

ಪತ್ರಿಕೆಗಳ ಹಿಂದಿನಿಂದ ನಗು ಕೇಳಿತು. ಐವತ್ತಮೂರು ವರ್ಷ ಈ ಬೀದಿಗಳಲ್ಲಿ ನಾನು ನಡೆದಾಗ ಜನ ಕಾಲರು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಥರ್ಮನ್ ಗ್ಯಾಡ್ಸನ್ ಎಲ್ಲಿ ಸಿಗುತ್ತಾನೆ ಎಂದು ಕೇಳಿದಾಗ ಲೂಷಿಯಸ್‌ನ ಕತ್ತರಿ ನಿಂತಿತು.

"ಅವನ್ನ ಬಿಟ್ಬಿಡಿ ಅಕ್ಕ. ಜೈಲಿಂದ ಪೆರೋಲ್ ಮೇಲೆ ಹೊರಗಿದಾನೆ. ಇನ್ನೂ ಹದಿನಾಲ್ಕು ತಿಂಗಳು ತಲೆ ತಗ್ಗಿಸ್ಕೊಂಡು ಇರ್ಬೇಕು."

"ಅವನನ್ನ ಹಿಡಿದುಕೊಡೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ."

ಲೂಷಿಯಸ್ ಕನ್ನಡಿಯೊಳಗಿನಿಂದಲೇ ನನ್ನನ್ನು ಅಳೆದು ನೋಡಿ, ನದಿಯ ಕಡೆಯ ಮೀನಿನಂಗಡಿಯ ಹೆಸರು ಹೇಳಿದ.

ಶನಿವಾರದ ಸರದಿ ಅಂಗಡಿಯ ಹೊರಗೂ ಚಾಚಿತ್ತು. ಹಿಂಬಾಗಿಲಿನಿಂದ ಹೋದೆ. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಜೋಳದ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿ, ಮೀನಿನ ತುಂಡುಗಳನ್ನು ಎಣ್ಣೆಗೆ ಬಿಡುತ್ತಿದ್ದ. ನನ್ನನ್ನು ಕಂಡೊಡನೆ ನಕ್ಕ. ಆಮೇಲೆ ನಗು ಮುಖದಿಂದ ಮೆಲ್ಲನೆ ಇಳಿದುಹೋಯಿತು.

"ಓಹೋ, ಅಕ್ಷರದ ಅಮ್ಮ. ತಪ್ಪು ಬರ್ಕೊಂಡ್ರಾ ಹೆಸರು?"

"ಸರಿಯಾಗೇ ಬರ್ಕೊಂಡಿದೀನಿ ಥರ್ಮನ್. ತೊಂದರೆ ಅದೇ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವನು ಬೆಂದ ಮೀನನ್ನು ಜಾಲರಿಯಲ್ಲಿ ಎತ್ತಿ ಎಣ್ಣೆ ಬಸಿಯುತ್ತ ಕೇಳಿಸಿಕೊಂಡ.

"ನನಗೆ ನೀರು ಕೊಟ್ಟಿದ್ದಕ್ಕೆ ಜೈಲಾ ಅವಳಿಗೆ?"

"ಸೋಮವಾರ ನೀನು ಬರದಿದ್ರೆ ಆಗಬಹುದು. ಬಂದ್ರೆ ನಿನಗೇನಾಗುತ್ತೋ ನನಗೆ ಗೊತ್ತಿಲ್ಲ. ಅದನ್ನ ಮುಚ್ಚಿಟ್ಟು ನಿನ್ನ ಕರೆಯಲ್ಲ."

"ಆ ಹೊತ್ತಲ್ಲಿ ನಾನು ಮನೇಲಿರ್ಬೇಕಿತ್ತು. ಬೀದೀಲಿದ್ದೆ ಅಂತ ಪೆರೋಲ್ ಆಫೀಸರಿಗೆ ನಾನೇ ಹೇಳಿದ ಹಾಗಾಗುತ್ತೆ." ಅವನು ಕೈ ಒರೆಸಿಕೊಂಡು ಚಾಚಿದ. "ಎಲ್ಲಿ, ಪುಸ್ತಕ ತೋರ್ಸಿ."

ಕೊಟ್ಟೆ. ಹಿಟ್ಟಿನ ಬೆರಳಿನಿಂದ ಹಾಳೆ ತಿರುವುತ್ತ, ತುಟಿ ಅಲುಗಿಸುತ್ತ ಓದಿದ.

"ಇದು ಬೇಕರಿ ಅಮ್ಮ. ಇವನು ನಮ್ಮ ಪಾದ್ರಿ ಮಗ. ಇವಳು ಹೈಸ್ಕೂಲ್ ಟೀಚರು. ದೇವರೇ, ಜನಗಣತೀನೇ ಮಾಡ್ಬಿಟ್ಟಿದೀರಲ್ಲ ತಾಯಿ. ಸರ್ಕಾರದೋರಿಗೇ ಇಷ್ಟು ಜನ ಸಿಕ್ಕಿರಲ್ಲ." ಮುಚ್ಚಿ ಹಿಂದಿರುಗಿಸಿದ. ಅದರ ಕಪ್ಪು ರಟ್ಟಿನ ಮೇಲೆ ಅವನ ಹೆಬ್ಬೆರಳಿನ ಬಿಳಿ ಗುರುತು ಉಳಿಯಿತು. "ನಾನು ಬರ್ತೀನಿ. ಆದ್ರೆ ಇದು ಬರಬಾರ್ದು. ಇದು ಬಂದ್ರೆ ನಾನೊಬ್ಬ ಅವಳೊಬ್ಬಳನ್ನ ಬಿಡಿಸಿ, ಇವರನ್ನೆಲ್ಲ ಒಳಗೆ ಕಳಿಸಿದ ಹಾಗೆ."

"ಪ್ರಮಾಣ ಮಾಡಿಸಿ ಕೇಳಿದ್ರೆ ಸುಳ್ಳು ಹೇಳಲಾರೆ ಥರ್ಮನ್."

"ಸುಳ್ಳು ಹೇಳಿ ಅಂದ್ನಾ? ಪುಸ್ತಕಾನೇ ಇರಬಾರ್ದು ಅಂದೆ."

"ಸುಡೋದು ನನ್ನ ಕೈಲಾಗಲ್ಲ. ಇವು ಜನರ ಹೆಸರು."

"ಜನರದಾದ್ರೆ ನಿಮ್ಮತ್ರ ಯಾಕಿದೆ?" ಎಂದು ಅವನು ಮುಂದಿನ ಸರದಿಯ ಮೀನನ್ನು ಎಣ್ಣೆಗೆ ಬಿಟ್ಟ. ಎಣ್ಣೆಯ ಸದ್ದಿನಲ್ಲಿ ಮಾತು ಮುಗಿಯಿತು.

ಆ ಪ್ರಶ್ನೆಯನ್ನು ಹೊತ್ತು ನದಿಯ ದಂಡೆಯ ಮೇಲೆ ಎಷ್ಟು ಸಲ ಹೋಗಿಬಂದೆನೋ ತಿಳಿಯದು. ಆಚೆ ದಡದಲ್ಲಿ ನನ್ನ ತಂದೆ ದುಡಿದ ಗಾಜಿನ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ತಾಯಿ ಕೇಳಿದ್ದು ಹೆಸರನ್ನು. ಹೆಸರಿನ ಮೇಲಿನ ಒಡೆತನವನ್ನಲ್ಲ. ನಾನು ಕೇಳಿದವರೆಲ್ಲ ಹೇಳಿದರು, ನಿಜ. ಆದರೆ ಅದು ಎಲ್ಲೆಲ್ಲಿಗೆ ಹೋಗಬಹುದೆಂದು ನಾನೂ ಹೇಳಲಿಲ್ಲ, ಹೊಗೆಯಲ್ಲಿ ಕೆಮ್ಮುತ್ತಿದ್ದ ಅವರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಡುವ ಮೊದಲು, ಬಟ್ಟೆಯ ಕತ್ತರಿಯಿಂದ ಪುಸ್ತಕದ ಹಾಳೆಗಳನ್ನು ಒಂದೊಂದು ಹೆಸರಿಗೆ ಒಂದೊಂದು ಪಟ್ಟಿಯಂತೆ ಕತ್ತರಿಸಿದೆ. ನಲವತ್ತೊಂದು ಪಟ್ಟಿಗಳು. ಒಂದು ಗೆರೆಯೂ ಸೊಟ್ಟಾಗಲಿಲ್ಲ. ನಲವತ್ತೊಂದರಲ್ಲಿ ಮೂವತ್ತು ಮನೆ ನನಗೇ ಗೊತ್ತಿದ್ದವು. ಉಳಿದವನ್ನು ಲೂಷಿಯಸ್ ಫೋನಿನಲ್ಲಿ ಹೇಳಿದ, "ಬರ್ಕೋಬೇಡಿ ಮತ್ತೆ," ಎಂಬ ಎಚ್ಚರಿಕೆಯೊಡನೆ.

ಚರ್ಚಿನ ಮೆಟ್ಟಿಲ ಮೇಲೆ ಹನ್ನೊಂದು ಪಟ್ಟಿ ಮುಗಿದವು. ಉಳಿದವಕ್ಕೆ ಬಾಗಿಲಿನಿಂದ ಬಾಗಿಲಿಗೆ ನಡೆದೆ. ಹೇಳಿದ್ದು ಒಂದೇ ಮಾತು: "ಕ್ಯಾಲ್ಡರ್ ಬೀದೀಲಿ ನಿಮ್ಮ ಹೆಸರು ತಗೊಂಡಿದ್ದೆ. ವಾಪಸು ಕೊಡೋಕೆ ಬಂದೆ." ಬೇಕರಿಯ ಹೆಂಗಸು ಪಟ್ಟಿಯನ್ನು ಅಲ್ಲೇ ಹರಿದು ಕಸಕ್ಕೆ ಹಾಕಿ, ನನಗೊಂದು ಸಿಹಿಗೆಣಸಿನ ಪೈ ಕಟ್ಟಿಕೊಟ್ಟಳು. ಶಾಲೆಯ ಟೀಚರು ಬಾಗಿಲ ಸರಪಳಿ ತೆಗೆಯದೆ, ಸಂದಿನಿಂದ ಎರಡು ಬೆರಳು ಚಾಚಿ ತೆಗೆದುಕೊಂಡಳು. ಧನ್ಯವಾದ ಹೇಳಲಿಲ್ಲ, ನಾನು ಕಾಯಲೂ ಇಲ್ಲ. ಒಂದು ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಡಿ ತಳ್ಳಿ ಹತ್ತು ಹೆಜ್ಜೆ ನಡೆದವಳು, ಬೇರೆಯವರ ಕೈಗೆ ಸಿಕ್ಕರೆ ಎಂದು ಹಿಂದಿರುಗಿ, ಕೈಚೀಲದಲ್ಲಿದ್ದ ಹೆಣಿಗೆಯ ಕಡ್ಡಿಯಿಂದ ಹೊರಗೆಳೆದುಕೊಂಡು, ಮೆಟ್ಟಿಲ ಮೇಲೆ ಒಂದು ಗಂಟೆ ಕಾದೆ.

ಎಂಬತ್ತೊಂದರ ಎಜೀಕಲ್ ಟಾಲಿವರ್ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡ.

"ನಂದು ನಿನ್ನತ್ರಾನೇ ಇರ್ಲಿ ಒಡೆಸ್ಸಾ. ಬರ್ಲಿ ಪೊಲೀಸ್ನೋರು. ನನ್ನ ನೋಡೋಕೆ ಬೇರೆ ಯಾರು ಬರ್ತಾರೆ?"

"ನಿನಗೊಬ್ಬನಿಗೆ ಅಂತ ಪುಸ್ತಕ ಇಟ್ಕೊಳ್ಳೋಕಾಗಲ್ಲ, ಹಿಡಿ."

"ಅರುವತ್ತೇಳನೇ ಇಸವೀಲೂ ಬರ್ಕೊಂಡಿದ್ದೆ ನನ್ನ ಹೆಸರು."

"ಅದು ಇನ್ನೂ ಕಪಾಟಲ್ಲಿದೆ. ಅದನ್ನ ಯಾರೂ ಕೇಳ್ತಿಲ್ಲ."

"ಕೇಳಲ್ಲ," ಎಂದ ಅವನು, ಪಟ್ಟಿಯನ್ನು ಶರ್ಟಿನ ಜೇಬಿಗೆ ಸೇರಿಸುತ್ತ. "ಅದೇ ನನಗೆ ಬೇಜಾರು."

ಸೋಮವಾರ ನ್ಯಾಯಾಲಯದಲ್ಲಿ ಥರ್ಮನ್ ಬೂದು ಬಣ್ಣದ ಕೋಟು ತೊಟ್ಟು ಬಂದಿದ್ದ. ತೋಳು ಗಿಡ್ಡವಾಗಿತ್ತು, ಯಾರದೋ ಇರಬೇಕು. ಸಾಕ್ಷಿಯ ಕಟಕಟೆಯಲ್ಲಿ ನಿಂತು ಹೇಳಿದ್ದು ನಾಲ್ಕೇ ವಾಕ್ಯ. "ಕಣ್ಣು ಕಾಣ್ತಿರ್ಲಿಲ್ಲ. ನೀರು ಅಂತ ಕೂಗ್ದೆ. ಈಯಮ್ಮ ಎಸೆದ್ರು, ಬಾಟಲಿ ನನ್ನ ಎದೆಗೆ ಬಡೀತು, ಹಿಡ್ಕೊಂಡೆ. ಅರ್ಧ ಕಣ್ಣಿಗೆ ಹೋಯ್ತು, ಅರ್ಧ ಹೊಟ್ಟೆಗೆ." ಸರ್ಕಾರಿ ವಕೀಲ ಅವನ ಪೆರೋಲಿನ ಮಾತೆತ್ತಿದ. ಥರ್ಮನ್ ಅದನ್ನೂ ಒಪ್ಪಿಕೊಂಡ. ಅನಂತರ ನನ್ನ ಸರದಿ.

"ಗುಂಪಿನಲ್ಲಿದ್ದ ಈ ಮನುಷ್ಯನ ಹೆಸರು ನಿಮಗೆ ಹೇಗೆ ಗೊತ್ತಾಯ್ತು?"

"ಕೇಳ್ದೆ."

"ಕೇಳಿ?"

"ಬರ್ಕೊಂಡೆ."

"ಬರ್ಕೊಂಡ ಪುಸ್ತಕ ಎಲ್ಲಿ?"

ಜೇಬಿನಿಂದ ಕಪ್ಪು ರಟ್ಟನ್ನು ತೆಗೆದು ಕಟಕಟೆಯ ಮೇಲಿಟ್ಟೆ. ನಡುವೆ ಹೊಲಿಗೆಯ ದಾರ ಮಾತ್ರ ಉಳಿದಿತ್ತು. "ಒಳಗಿದ್ದಿದ್ದು ಯಾರ್ಯಾರದೋ ಅವರವರಿಗೆ ವಾಪಸು ಕೊಟ್ಟೆ."

"ಯಾವಾಗ?"

"ನಿನ್ನೆ."

"ಯಾರ್ಯಾರಿಗೆ?"

"ಅದನ್ನ ನೆನಪಿಟ್ಕೊಳ್ಳೋಕೇ ಪುಸ್ತಕ ಇದ್ದಿದ್ದು ಸರ್. ನನಗೆ ಎಪ್ಪತ್ತಾರು."

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಬಾಳಿನಲ್ಲಿ ಹೆಸರೊಂದನ್ನು ಹೇಳದೆ ನುಂಗಿದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಎಜೀಕಲ್ ಕೆಮ್ಮಿದ. ಸರ್ಕಾರಿ ವಕೀಲ, ಇದು ಸಾಕ್ಷ್ಯನಾಶ, ಇದಕ್ಕೆ ಬೇರೆ ಮೊಕದ್ದಮೆ ಹೂಡಬಹುದು, ಗೊತ್ತಿದೆಯೇ ಎಂದು ಕೇಳಿದ. ಗೊತ್ತಿದೆ, ನನ್ನ ಹೆಸರೂ ವಿಳಾಸವೂ ಎಲ್ಲ ಚಿತ್ರಗಳ ಹಿಂದೆ ಇದೆ, ಹುಡುಕುವ ಕಷ್ಟವಿಲ್ಲ ಎಂದು ರಟ್ಟನ್ನು ಮತ್ತೆ ಜೇಬಿಗೆ ಸೇರಿಸಿದೆ. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. ಬಾಟಲಿಯ ಪೆಟ್ಟು ತಿಂದ ಪೊಲೀಸನ ಕಡೆ ತಿರುಗಿ, ಎಸೆದವರನ್ನು ಕಂಡಿರಾ ಎಂದು ಕೇಳಿದರು. ಅವನು ಕಂಡಿರಲಿಲ್ಲ, ಪತ್ರಿಕೆಯಲ್ಲಿ ನೋಡಿದ್ದ. ಹನ್ನೊಂದೂವರೆಗೆ ಲಕೀತಾಳ ಮೇಲಿನ ಆರೋಪ ಬಿದ್ದುಹೋಯಿತು.

ಹೊರಗಿನ ಮೊಗಸಾಲೆಯಲ್ಲಿ ಥರ್ಮನ್ ಒಂದು ಕಾಗದವನ್ನು ಮಡಿಚುತ್ತಿದ್ದ. ಗುರುವಾರ ಒಂಬತ್ತು ಗಂಟೆಗೆ ಪೆರೋಲ್ ಆಫೀಸರನ್ನು ಕಾಣಬೇಕು.

"ಬನ್ನಿ ಗುರುವಾರ," ಎಂದ ಅವನು. "ಕ್ಯಾಮೆರಾ ತನ್ನಿ, ಪೆನ್ಸಿಲ್ ಮನೇಲಿಡಿ."

"ನಾನೂ ಬರ್ತೀನಿ," ಎಂದಳು ಲಕೀತಾ. "ನೀರು ತರ್ತೀನಿ." ಮೂವರೂ ನಕ್ಕೆವು, ನಗು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು.

ಉಳಿದಿದ್ದ ಕೊನೆಯ ಪಟ್ಟಿಯನ್ನು ಅವಳಿಗೆ ಕೊಟ್ಟೆ. ಹದಿನೇಳು, ಲಕೀತಾ ಬ್ರಾಡ್‌ನ್ಯಾಕ್ಸ್. ಅವಳು ಅದನ್ನು ಎರಡು ಸಲ ಓದಿ, ಫೋನಿನ ಕವಚದೊಳಗೆ ಸೇರಿಸಿದಳು. "ಎರಡು ಗಂಟೆಗೆ ನನ್ನ ಪಾಳಿ. ಹೊರಟೆ ಮಿಸ್ ಒಡೆಸ್ಸಾ. ಆ ಮುದುಕರು ಬೇರೆಯೋರ ಕೈಲಿ ತಿನ್ನಲ್ಲ."

ಮೆಟ್ಟಿಲಿಳಿದು ಅವಳು ರಸ್ತೆಯಂಚಿಗೆ ಓಡಿದಳು. ಮೂಲೆಯಲ್ಲಿ ಬಸ್ಸು ತಿರುಗುತ್ತಿತ್ತು. ಅವಳು ಬಲಗೈಯನ್ನು ಕಿವಿಯ ಹಿಂದಿನಿಂದ ಮೇಲಕ್ಕೆ ಬೀಸಿದಳು. ನಾನು ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದೆ. ಕ್ಯಾಮೆರಾ ತಾನಾಗಿಯೇ ಇಳಿಯಿತು; ಕೈ ತಾನಾಗಿಯೇ ಜೇಬಿಗೆ ಹೋಯಿತು; ಬೆರಳಿಗೆ ಬರಿಯ ರಟ್ಟು ತಗುಲಿತು.

ಮತ್ತೆ ಎತ್ತಿದೆ. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು, ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು. ಅದನ್ನೂ ತೆಗೆದೆ.